ಕಣ್ಣಿಗೆ ಇಂಜೆಕ್ಷನ್: ತಾರೀಖು ತಪ್ಪಿಸಬೇಡಿ, ದೃಷ್ಟಿ ಉಳಿಸಿಕೊಳ್ಳಿ

‘ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕಾಗುತ್ತದೆ’ ಎಂದು ಡಾಕ್ಟರು ಹೇಳಿದೊಡನೆ ಎದೆ ಧಸಕ್ಕೆನ್ನದವರು ಕಡಿಮೆ. ಒಮ್ಮೆ ಹಾಕಿಸಿಕೊಂಡವರನ್ನು ಕೇಳಿ ನೋಡಿ, ‘ಇಷ್ಟೇನಾ ಅನ್ನಿಸಿತು’ ಎನ್ನುವವರೇ ಹೆಚ್ಚು. ಸೂಜಿಯ ಭಯ ಮೊದಲ ದಿನವೇ ಬಹುಪಾಲು ಕಳೆಯುತ್ತದೆ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಮುಂದಿನ ತಿಂಗಳು ಬನ್ನಿ, ಅದರ ಮುಂದಿನ ತಿಂಗಳೂ ಬನ್ನಿ ಎಂದು ಚೀಟಿ ಬರೆದುಕೊಡುತ್ತಾರೆ. ಅಷ್ಟರಲ್ಲಿ ಮನೆಯಲ್ಲಿ ಮದುವೆ, ಹೊಲದಲ್ಲಿ ಕೊಯ್ಲು, ಕರೆದೊಯ್ಯಬೇಕಾದ ಮಗನಿಗೆ ರಜೆಯಿಲ್ಲ, ಕೈಯಲ್ಲಿ ದುಡ್ಡಿಲ್ಲ. ಮೊದಲಿಗಿಂತ ಕಣ್ಣೂ ಸ್ವಲ್ಪ ತಿಳಿಯಾಗಿದೆ. ‘ಈಗ ಪರವಾಗಿಲ್ಲವಲ್ಲ, ಆಮೇಲೆ ನೋಡೋಣ’ ಎಂದು ಸುಮ್ಮನಾಗುತ್ತೇವೆ. ಹಾಗೆ ಬಿಟ್ಟ ಕೆಲವೇ ತಿಂಗಳಲ್ಲಿ ಹೋದ ದೃಷ್ಟಿ, ಚಿಕಿತ್ಸೆಯನ್ನು ಮತ್ತೆ ಶುರು ಮಾಡಿದರೂ ಪೂರ್ತಿ ಮರಳದೇ ಇರಬಹುದು. ಆದ್ದರಿಂದ ಈ ಚಿಕಿತ್ಸೆ ಏಕೆ ಮತ್ತೆ ಮತ್ತೆ ಬೇಕಾಗುತ್ತದೆ, ಅದಕ್ಕೆ ಮನೆಮಂದಿ ಹೇಗೆ ಸಿದ್ಧರಾಗಬೇಕು ಎಂಬುದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಕಣ್ಣಿನೊಳಗೆ ಆಗುವುದೇನು?

ಕಣ್ಣಿನ ಹಿಂಬದಿಯ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ನರಪದರವೇ ಅಕ್ಷಿಪಟಲ. ಆಸ್ಪತ್ರೆಯಲ್ಲಿ ಅದನ್ನು ರೆಟಿನಾ ಎನ್ನುತ್ತಾರೆ. ‘ಕಣ್ಣಿನ ಪರದೆ’, ‘ಕಣ್ಣಿನ ನರ’ ಎಂದು ಜನ ಹೇಳುವುದೂ ಸಾಮಾನ್ಯವಾಗಿ ಇದನ್ನೇ. ಅದರ ನಟ್ಟನಡುವಿನ ಪುಟ್ಟ ಜಾಗ ಮ್ಯಾಕುಲಾ. ಪೇಪರ್ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರು ಬಂದವರ ಮುಖ ಗುರುತಿಸುವುದು, ಬಸ್ಸಿನ ಬೋರ್ಡು ಓದುವುದು ಎಲ್ಲವೂ ಈ ಜಾಗದ ಕೆಲಸ.

ಸಕ್ಕರೆ ಕಾಯಿಲೆ, ಬಿಪಿ, ವಯಸ್ಸು ಮೊದಲಾದ ಕಾರಣಗಳಿಂದ ರೆಟಿನಾದ ರಕ್ತನಾಳಗಳು ಹಾಳಾದಾಗ ಅಲ್ಲಿನ ಜೀವಕೋಶಗಳಿಗೆ ಆಮ್ಲಜನಕ ಸಾಲದಾಗುತ್ತದೆ. ಆಗ ವಿಇಜಿಎಫ್ ಎಂಬ ಪ್ರೊಟೀನು ಅತಿಯಾಗಿ ಹೊರಬರುತ್ತದೆ. ಇದು ಇದ್ದ ರಕ್ತನಾಳಗಳು ಸೋರುವಂತೆ ಮಾಡುತ್ತದೆ, ಹೊಸ ರಕ್ತನಾಳಗಳು ಚಿಗುರುವಂತೆಯೂ ಮಾಡುತ್ತದೆ. ಹಾಗೆ ಚಿಗುರಿದವು ಬಲು ದುರ್ಬಲ. ಗೋಡೆಯೊಳಗಿನ ನೀರಿನ ಪೈಪು ಸೋರಿದರೆ ಗಾರೆ ಉಬ್ಬಿ ಉದುರುವ ಹಾಗೆ, ಸೋರಿದ ದ್ರವ ಮತ್ತು ರಕ್ತದಿಂದ ಮ್ಯಾಕುಲಾ ಊದಿಕೊಳ್ಳುತ್ತದೆ. ಊತ ಬಹುಕಾಲ ನಿಂತರೆ ಅಲ್ಲಿನ ನರಕೋಶಗಳು ಸಾಯುತ್ತವೆ, ಇಲ್ಲವೇ ಕಲೆಗಟ್ಟುತ್ತವೆ. ಸತ್ತ ಕೋಶಗಳನ್ನು ಬದುಕಿಸುವ ಔಷಧ ಇಲ್ಲ.

1989ರಲ್ಲಿ ವಿಜ್ಞಾನಿ ನೆಪೋಲಿಯೋನ್ ಫೆರಾರಾ ಮತ್ತು ಅವರ ಸಹೋದ್ಯೋಗಿಗಳು ಈ ಪ್ರೊಟೀನನ್ನು ಬೇರ್ಪಡಿಸಿ ಗುರುತಿಸಿದರು. ಅದನ್ನು ತಡೆಯುವ ಔಷಧಗಳೇ ಇಂದಿನ ಬಹುತೇಕ ಕಣ್ಣಿನ ಇಂಜೆಕ್ಷನ್‌ಗಳು. ಸೋರುವಿಕೆ ನಿಂತರೆ ಊತ ಇಳಿಯುತ್ತದೆ, ಉಳಿದ ಕೋಶಗಳು ಚೇತರಿಸಿಕೊಳ್ಳುತ್ತವೆ. ಕೆಲವೇ ವಾರಗಳಲ್ಲಿ ಔಷಧದ ಬಲ ಕುಗ್ಗುತ್ತದೆ, ಆದರೆ ರಕ್ತನಾಳದ ಕಾಯಿಲೆ ಅಲ್ಲೇ ಇರುತ್ತದೆ. ಮತ್ತೆ ಮತ್ತೆ ಇಂಜೆಕ್ಷನ್ ಬೇಕಾಗುವುದು ಇದರಿಂದಲೇ. ಎರಡನೆಯ ಸಲ ಕರೆದರೆಂದ ಮಾತ್ರಕ್ಕೆ ಮೊದಲನೆಯದು ವಿಫಲವಾಯಿತು ಎಂದು ತಿಳಿಯಬಾರದು.

ಯಾರಿಗೆ ಬೇಕು? ಯಾರಿಗೆ ಬೇಡ?

ನಮ್ಮಲ್ಲಿ ಈ ಚಿಕಿತ್ಸೆಗೆ ಬರುವವರಲ್ಲಿ ಸಕ್ಕರೆ ಕಾಯಿಲೆಯವರು ಬಹಳ. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ ಎಂದು ಐಸಿಎಂಆರ್ ನೆರವಿನ ದೇಶವ್ಯಾಪಿ ಅಧ್ಯಯನ 2023ರಲ್ಲಿ ಅಂದಾಜಿಸಿದೆ. ಮಧುಮೇಹದಿಂದ ಮ್ಯಾಕುಲಾ ಊದಿಕೊಂಡವರಿಗೆ ಈ ಇಂಜೆಕ್ಷನ್ ಮುಖ್ಯ ಚಿಕಿತ್ಸೆ.

ಎರಡನೆಯದು, ಸಾಮಾನ್ಯವಾಗಿ 50 ದಾಟಿದವರಲ್ಲಿ ಕಾಣುವ ಮ್ಯಾಕುಲಾ ಸವೆತ. ಇದರಲ್ಲಿ ಎರಡು ಬಗೆ. ‘ಒದ್ದೆ’ ಬಗೆಯಲ್ಲಿ ಹೊಸ ರಕ್ತನಾಳ ಬೆಳೆದು ಸೋರುತ್ತದೆ. ನೆಟ್ಟಗಿರುವ ಗೆರೆ ಸೊಟ್ಟಗೆ ಕಾಣುವುದು, ನೋಟದ ನಡುವೆ ಮಸುಕು ಮಚ್ಚೆ ಮೂಡುವುದು ಇದರ ಲಕ್ಷಣ. ಇದಕ್ಕೆ ಇಂಜೆಕ್ಷನ್ ತಡಮಾಡುವಂತಿಲ್ಲ. ‘ಒಣ’ ಬಗೆಗೆ ಈ ಔಷಧಗಳಿಂದ ಪ್ರಯೋಜನವಿಲ್ಲ. ಒಣ ಬಗೆಯ ಮುಂದುವರಿದ ಹಂತಕ್ಕಾಗಿ ಅಮೆರಿಕದಲ್ಲಿ 2023ರಲ್ಲಿ ಎರಡು ಬೇರೆ ಇಂಜೆಕ್ಷನ್‌ಗಳಿಗೆ ಒಪ್ಪಿಗೆ ಸಿಕ್ಕಿದೆ: ಪೆಗ್‌ಸೆಟಾಕೊಪ್ಲಾನ್ ಮತ್ತು ಅವಾಸಿಂಕ್ಯಾಪ್ಟಾಡ್. ಅವು ಹಾನಿ ಹರಡುವ ವೇಗ ತಗ್ಗಿಸುತ್ತವೆಯೇ ಹೊರತು ಹೋದ ದೃಷ್ಟಿ ತರುವುದಿಲ್ಲ. ಅಲ್ಲಿರುವ ಮಕ್ಕಳು ಈ ಸುದ್ದಿ ಓದಿ ಊರಿನ ಅಪ್ಪ ಅಮ್ಮನಿಗೆ ಫೋನ್ ಮಾಡುವ ಮುನ್ನ, ಅವರಿಗಿರುವುದು ಯಾವ ಬಗೆ ಎಂದು ಕೇಳಿಕೊಳ್ಳಲಿ.

ಮೂರನೆಯದು, ರೆಟಿನಾದ ಅಭಿಧಮನಿ ಕಟ್ಟಿಕೊಳ್ಳುವುದು. ನೋವಿಲ್ಲದೆ ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾಗುತ್ತದೆ. ಬಿಪಿ ಇರುವವರಲ್ಲಿ ಇದು ಹೆಚ್ಚು. ಇನ್ನು ತೀರಾ ಹೆಚ್ಚಿನ ಮೈನಸ್ ಪವರ್ ಇರುವವರಲ್ಲಿ ಕೆಲವರಿಗೆ, ಅವಧಿಗೆ ಮುನ್ನ ಹುಟ್ಟಿದ ಕೆಲವು ಶಿಶುಗಳಿಗೂ ಈ ಚಿಕಿತ್ಸೆ ಬೇಕಾಗಬಹುದು. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಾದರೆ, ಹುಟ್ಟಿದ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ‘ಕಿಡ್‌ರಾಪ್’ ಕಾರ್ಯಕ್ರಮ ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಕಣ್ಣಿನ ಚಿತ್ರ ತೆಗೆದು, ದೂರದಿಂದ ತಜ್ಞರು ನೋಡುವ ವ್ಯವಸ್ಥೆ ಮಾಡಿದೆ.

ಮಂಜಾದ ಕಣ್ಣೆಲ್ಲ ಇಂಜೆಕ್ಷನ್ ಬೇಡುವುದಿಲ್ಲ. ಪೊರೆಗೆ ಆಪರೇಷನ್, ಗ್ಲಾಕೋಮಾಗೆ ಒತ್ತಡ ಇಳಿಸುವ ಡ್ರಾಪ್ಸ್, ಕಳಚಿದ ರೆಟಿನಾಕ್ಕೆ ಶಸ್ತ್ರಚಿಕಿತ್ಸೆ. ಹಳ್ಳಿಗಳಲ್ಲಿ ಇನ್ನೂ ನಡೆಯುವ ತಪ್ಪೊಂದಿದೆ: ‘ವಯಸ್ಸಾಯ್ತು, ಪೊರೆ ಇರಬೇಕು, ಬಲಿಯಲಿ’ ಎಂದು ವರ್ಷಗಟ್ಟಲೆ ಕಾಯುವುದು. ಪೊರೆ ತೆಗೆಸಿದ ಮೇಲೆಯೂ ನೋಟ ಬರಲಿಲ್ಲವೆಂದು ನೋಡಿದರೆ ಹಿಂದೆ ರೆಟಿನಾ ಹಾಳಾಗಿರುತ್ತದೆ. ಪೊರೆ ಇದ್ದರೂ ಸಾಧ್ಯವಾದಷ್ಟು ರೆಟಿನಾ ಪರೀಕ್ಷೆ ಮಾಡಿಸಲೇಬೇಕು. ಹಿಂಬದಿ ಕಾಣದಷ್ಟು ಪೊರೆ ಬಲಿತಿದ್ದರೆ ಸ್ಕ್ಯಾನಿಂಗ್ ಮಾಡಿ ನೋಡುತ್ತಾರೆ.

‘ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಕಣ್ಣು ಪೂರ್ತಿ ವಾಸಿ’ ಎಂಬ ಜಾಹೀರಾತುಗಳಿಂದ ದೂರವಿರಿ. 2015ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮ್ಯಾಕುಲಾ ಸವೆತವಿದ್ದ ಮೂವರು ಮಹಿಳೆಯರು ದುಡ್ಡು ಕೊಟ್ಟು ಎರಡೂ ಕಣ್ಣಿಗೆ ಇಂಥ ಇಂಜೆಕ್ಷನ್ ಹಾಕಿಸಿಕೊಂಡು, ಇದ್ದ ದೃಷ್ಟಿಯನ್ನೂ ಬಹುಪಾಲು ಕಳೆದುಕೊಂಡರು.

ಯಾವ ಔಷಧ, ಏನು ವ್ಯತ್ಯಾಸ?

ಬೆವಾಸಿಜುಮ್ಯಾಬ್: ಅವಾಸ್ಟಿನ್ ಎಂಬ ಹೆಸರಲ್ಲಿ ಪರಿಚಿತ. ಮೂಲತಃ ಕ್ಯಾನ್ಸರ್ ಔಷಧ. 2005ರಿಂದ ಕಣ್ಣಿಗೂ ಬಳಕೆಯಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕಣ್ಣಿನ ಬಳಕೆಗಾಗಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಎಲ್ಲಕ್ಕಿಂತ ಅಗ್ಗ. ಒಂದು ದೊಡ್ಡ ವಯಲ್‌ನಿಂದ ಹಲವರಿಗೆ ಹಂಚಿ ಕೊಡುವುದರಿಂದ, ಹಂಚುವಾಗ ಶುದ್ಧತೆ ಕಾಯುವುದು ಬಹಳ ಮುಖ್ಯ. ಔಷಧವನ್ನು ಎಲ್ಲಿ, ಹೇಗೆ ಸಿರಿಂಜ್‌ಗೆ ತುಂಬುತ್ತೀರಿ ಎಂದು ಕೇಳುವ ಹಕ್ಕು ನಿಮಗಿದೆ.

ರಾನಿಬಿಜುಮ್ಯಾಬ್: ಕಣ್ಣಿಗೆಂದೇ ತಯಾರಾದದ್ದು. ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಪಡೆಯಿತು. ಇದನ್ನೇ ಹೋಲುವ ಬಯೋಸಿಮಿಲರ್ ಔಷಧ 2015ರಲ್ಲಿ ಭಾರತದಲ್ಲಿ ತಯಾರಾಗಿ ಬಂದ ಮೇಲೆ ಬೆಲೆಯ ಹೊರೆ ಒಂದಿಷ್ಟು ಇಳಿಯಿತು.

ಅಫ್ಲಿಬರ್ಸೆಪ್ಟ್: 2011ರಲ್ಲಿ ಬಂದದ್ದು. ಮಧುಮೇಹದ ಊತದಿಂದ ದೃಷ್ಟಿ ಈಗಾಗಲೇ ಸಾಕಷ್ಟು ಕುಂದಿದ್ದರೆ ಮೊದಲ ವರ್ಷದಲ್ಲಿ ಇದು ಹೆಚ್ಚು ಫಲ ಕೊಡುತ್ತದೆ ಎಂದು 2015ರ ದೊಡ್ಡ ಅಧ್ಯಯನವೊಂದು ತೋರಿಸಿತು. ಕುಂದಿದ್ದು ಸ್ವಲ್ಪವೇ ಆಗಿದ್ದರೆ ಮೂರೂ ಹೆಚ್ಚುಕಡಿಮೆ ಸಮ.

ಫಾರಿಸಿಮ್ಯಾಬ್, ಹೆಚ್ಚು ಪ್ರಮಾಣದ ಅಫ್ಲಿಬರ್ಸೆಪ್ಟ್: ಅಮೆರಿಕದಲ್ಲಿ ಮೊದಲನೆಯದಕ್ಕೆ 2022ರಲ್ಲಿ, ಎರಡನೆಯದಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಆರಂಭದ ಡೋಸುಗಳು ಮುಗಿದ ಮೇಲೆ ಅನೇಕರಲ್ಲಿ ಎರಡು ಇಂಜೆಕ್ಷನ್‌ಗಳ ನಡುವಿನ ಅಂತರವನ್ನು ಮೂರು ನಾಲ್ಕು ತಿಂಗಳಿಗೂ ಹಿಗ್ಗಿಸಬಹುದು. ಬೆಲೆ ಹೆಚ್ಚು.

ಸ್ಟೀರಾಯ್ಡ್: ಮಧುಮೇಹದ ಊತ, ಅಭಿಧಮನಿ ಕಟ್ಟಿದ ಕಣ್ಣುಗಳಿಗೆ ಕೆಲವೊಮ್ಮೆ ಡೆಕ್ಸಾಮೆಥಸೋನ್‌ನ ಸಣ್ಣ ಕಡ್ಡಿಯನ್ನು ಕಣ್ಣಿನೊಳಗೆ ಇಡುತ್ತಾರೆ; ಕೆಲವು ತಿಂಗಳು ಕೆಲಸ ಮಾಡುತ್ತದೆ. ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು. ಗ್ಲಾಕೋಮಾ ಇರುವವರು ತಪ್ಪದೆ ಹೇಳಬೇಕು.

‘ದುಬಾರಿಯದೇ ಒಳ್ಳೆಯದು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒದ್ದೆ ಬಗೆಯ ಮ್ಯಾಕುಲಾ ಸವೆತದಲ್ಲಿ ಬೆವಾಸಿಜುಮ್ಯಾಬ್ ಮತ್ತು ರಾನಿಬಿಜುಮ್ಯಾಬ್ ಒಂದೇ ಕ್ರಮದಲ್ಲಿ ಕೊಟ್ಟರೆ ದೃಷ್ಟಿಗೆ ಸಿಗುವ ಲಾಭ ಸಮ ಎಂದು 2011ರ ಅಮೆರಿಕದ ಅಧ್ಯಯನ ಖಚಿತಪಡಿಸಿದೆ. ದುಬಾರಿ ಔಷಧದ ಎರಡು ಡೋಸ್ ಹಾಕಿಸಿ ಕೈಚೆಲ್ಲುವುದಕ್ಕಿಂತ, ಕೈಗೆಟಕುವ ಔಷಧವನ್ನು ಕ್ರಮ ತಪ್ಪದೆ ಪೂರೈಸುವುದು ಮೇಲು.

ಎಷ್ಟು ಇಂಜೆಕ್ಷನ್ ಬೇಕು?

ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಮೂರು. ಮಧುಮೇಹದ ಊತದಲ್ಲಿ ಐದರವರೆಗೂ ಹೋಗಬಹುದು. ಆಮೇಲೆ ಓಸಿಟಿ ಎಂಬ ಸ್ಕ್ಯಾನ್ ನೋಡಿ ನಿರ್ಧರಿಸುತ್ತಾರೆ. ಈ ಸ್ಕ್ಯಾನ್ ರೆಟಿನಾದ ಪದರಗಳಲ್ಲಿ ನೀರು ತುಂಬಿದೆಯೇ ಎಂದು ತೋರಿಸುತ್ತದೆ. ನೋವಿಲ್ಲ, ಕಣ್ಣಿಗೆ ಏನೂ ತಾಗುವುದಿಲ್ಲ. ನೀರು ಇಂಗಿದ್ದರೆ ಅಂತರವನ್ನು ಎರಡೆರಡು ವಾರ ಹಿಗ್ಗಿಸುತ್ತಾ ಹೋಗುವುದು ಒಂದು ಪದ್ಧತಿ, ಮತ್ತೆ ನೀರು ಕಂಡಾಗ ಮಾತ್ರ ಕೊಡುವುದು ಇನ್ನೊಂದು. ಮಧುಮೇಹದ ಊತ ಕುರಿತ 2015ರ ಆ ಅಧ್ಯಯನದಲ್ಲಿ ಮೊದಲ ವರ್ಷ ಒಬ್ಬರಿಗೆ 9–10 ಇಂಜೆಕ್ಷನ್ ಬೇಕಾದರೆ, ಎರಡನೆಯ ವರ್ಷ 5–6 ಸಾಕಾಯಿತು. ಮೊದಲ ವರ್ಷವೇ ಭಾರ. ಅದನ್ನು ದಾಟಿದರೆ ಹೊರೆ ಇಳಿಯುತ್ತಾ ಹೋಗುತ್ತದೆ.

ಫಲ ಎಷ್ಟು? ರಾನಿಬಿಜುಮ್ಯಾಬ್‌ನ ಮೊದಲ ದೊಡ್ಡ ಪರೀಕ್ಷೆಯಲ್ಲಿ, ತಿಂಗಳು ತಿಂಗಳೂ ಔಷಧ ಪಡೆದ ಒದ್ದೆ ಸವೆತದ ರೋಗಿಗಳಲ್ಲಿ ಸುಮಾರು 95% ಮಂದಿ ಒಂದು ವರ್ಷದ ಕೊನೆಗೆ ತಮ್ಮ ದೃಷ್ಟಿಯನ್ನು ಹೆಚ್ಚುಕಡಿಮೆ ಉಳಿಸಿಕೊಂಡಿದ್ದರು. ಔಷಧ ಸಿಗದವರಲ್ಲಿ ಅದು 62%. ಔಷಧ ಪಡೆದವರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ಚಾರ್ಟಿನಲ್ಲಿ ಮೂರು ಸಾಲು ಹೆಚ್ಚು ಓದಿದರು. ಇಂಥ ಪರೀಕ್ಷೆಗಳಲ್ಲಿ ಭಾಗವಹಿಸಿ ಆಮೇಲೆ ಕಡಿಮೆ ಇಂಜೆಕ್ಷನ್ ಪಡೆದವರನ್ನು ಸುಮಾರು ಏಳು ವರ್ಷದ ಬಳಿಕ ನೋಡಿದಾಗ, ಮೂರನೇ ಒಂದಕ್ಕೂ ಹೆಚ್ಚು ಮಂದಿಯ ದೃಷ್ಟಿ 6/60ಕ್ಕೋ ಅದಕ್ಕೂ ಕೆಳಕ್ಕೋ ಇಳಿದಿತ್ತು. ಇಂಜೆಕ್ಷನ್ ಕಡಿಮೆಯಾದದ್ದೊಂದೇ ಇದಕ್ಕೆ ಕಾರಣವಲ್ಲ, ಸವೆತ ತಾನಾಗಿಯೂ ಮುಂದುವರಿಯುತ್ತದೆ. ಆದರೂ ಕಾವಲು ಸಡಿಲಿಸುವಂತಿಲ್ಲ ಎಂಬ ಪಾಠ ಅದರಲ್ಲಿದೆ.

ಹೀಗಾಗಿ ‘ಎಷ್ಟು ಸುಧಾರಿಸುತ್ತದೆ?’ ಎಂಬುದರ ಜೊತೆಗೆ ‘ಚಿಕಿತ್ಸೆ ಬಿಟ್ಟರೆ ಎಷ್ಟು ಹೋಗುತ್ತದೆ?’ ಎಂದೂ ಡಾಕ್ಟರನ್ನು ಕೇಳಿ. ಉಳಿದದ್ದನ್ನು ಉಳಿಸಿಕೊಂಡರೆ ಅದೂ ಗೆಲುವೇ.

ನಿಯಮಿತವಾಗಿ ಬರಲು ಸಾಧ್ಯವೇ ಇಲ್ಲದಿದ್ದರೆ ಮೊದಲೇ ಹೇಳಿಬಿಡಿ. ಮಧುಮೇಹದಿಂದ ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆಯುವ ಹಂತದಲ್ಲಿ ಲೇಸರ್ ಚಿಕಿತ್ಸೆಯ ದಾರಿಯೂ ಇದೆ. ಬರೀ ಇಂಜೆಕ್ಷನ್ ಪಡೆದು ನಡುವೆ ಕಾಣೆಯಾದವರು, ಲೇಸರ್ ಮಾಡಿಸಿಕೊಂಡು ಕಾಣೆಯಾದವರಿಗಿಂತ ಹೆಚ್ಚು ಹಾನಿ ಅನುಭವಿಸಿದ್ದು ಅಧ್ಯಯನದಲ್ಲಿ ಕಂಡಿದೆ. ದೂರದ ಊರಿನವರಿಗೆ, ಒಬ್ಬಂಟಿಯಾಗಿರುವವರಿಗೆ ಯಾವುದು ಹೊಂದುತ್ತದೆ ಎಂದು ಡಾಕ್ಟರು ತೀರ್ಮಾನಿಸಲು ನಿಮ್ಮ ಮನೆಯ ಪರಿಸ್ಥಿತಿ ಅವರಿಗೆ ಗೊತ್ತಿರಬೇಕು.

ಹೋಗುವ ಮುನ್ನ

• ಕಣ್ಣು ಕೆಂಪಾಗಿದ್ದರೆ, ಪಿಸರು ಬರುತ್ತಿದ್ದರೆ, ರೆಪ್ಪೆಯ ಮೇಲೆ ಕುರು ಎದ್ದಿದ್ದರೆ, ಜ್ವರವಿದ್ದರೆ ಮೊದಲೇ ತಿಳಿಸಿ. ಸೋಂಕು ವಾಸಿಯಾದ ಮೇಲೆ ಕೊಡುತ್ತಾರೆ.
• ಇತ್ತೀಚೆಗೆ ಹೃದಯಾಘಾತ ಅಥವಾ ಲಕ್ವ ಹೊಡೆದಿದ್ದರೆ, ಗರ್ಭಿಣಿಯಾಗಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ, ಅಯೋಡಿನ್ ಅಥವಾ ಯಾವುದೇ ಔಷಧ ಒಗ್ಗದಿದ್ದರೆ ಹೇಳಲೇಬೇಕು.
• ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ತಿಂಡಿ ತಿಂದು, ಸಕ್ಕರೆ ಮತ್ತು ಬಿಪಿ ಮಾತ್ರೆ ನುಂಗಿಯೇ ಹೋಗಿ. ರಕ್ತ ತೆಳುಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
• ಅಂದು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ. ಕಾಡಿಗೆ, ಮುಖಕ್ಕೆ ಕ್ರೀಮು ಬೇಡ.
• ಜೊತೆಗೆ ಒಬ್ಬರಿರಲಿ. ಕಣ್ಣಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವುದರಿಂದ ಕೆಲ ಗಂಟೆ ಮಂಜಾಗಿರುತ್ತದೆ. ಸ್ಕೂಟರ್, ಕಾರು ಓಡಿಸುವಂತಿಲ್ಲ.
• ಹಳೆಯ ಚೀಟಿ, ಸ್ಕ್ಯಾನ್ ಚಿತ್ರ, ಇತ್ತೀಚಿನ ರಕ್ತಪರೀಕ್ಷೆ ಎಲ್ಲ ಒಂದೇ ಫೈಲಿನಲ್ಲಿರಲಿ.

ಆ ದಿನ ನಡೆಯುವುದು

ಆಪರೇಷನ್ ಥಿಯೇಟರ್‌ನಲ್ಲೋ ಇದಕ್ಕೆಂದೇ ಇರುವ ಶುದ್ಧ ಕೋಣೆಯಲ್ಲೋ ಮಲಗಿಸುತ್ತಾರೆ. ಯಾವ ಕಣ್ಣು ಎಂದು ಕೇಳುತ್ತಾರೆ. ನೀವೂ ಬಾಯಿಬಿಟ್ಟು ಹೇಳಿ. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಪೊವಿಡೋನ್ ಅಯೋಡಿನ್‌ನಿಂದ ರೆಪ್ಪೆ ಮತ್ತು ಕಣ್ಣು ತೊಳೆಯುತ್ತಾರೆ. ಸೋಂಕು ತಡೆಯಲು ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಸ್ವಲ್ಪ ಉರಿದರೂ ಸಹಿಸಿಕೊಳ್ಳಿ. ರೆಪ್ಪೆ ಮುಚ್ಚದಂತೆ ಸಣ್ಣ ಕ್ಲಿಪ್ ಇಡುತ್ತಾರೆ. ಕಪ್ಪುಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ದೂರದಲ್ಲಿ, ಬಿಳಿ ಭಾಗದ ಮೂಲಕ, ಕೂದಲಿನಷ್ಟು ಸಣ್ಣ ಎನ್ನಿಸುವ ಸೂಜಿಯಿಂದ ಔಷಧ ಹಾಕುತ್ತಾರೆ. ಪ್ರಮಾಣ ಬಹುತೇಕ 0.05 ಮಿಲಿಲೀಟರ್, ಅಂದರೆ ಒಂದು ಹನಿಯಷ್ಟು. ಸೂಜಿ ಒಳಗಿರುವುದು ಕೆಲವೇ ಸೆಕೆಂಡು. ಒತ್ತಿದಂತೆ ಅನ್ನಿಸುತ್ತದೆ, ಅಷ್ಟೆ. ಆ ಹೊತ್ತಿನಲ್ಲಿ ಮಾತಾಡಬೇಡಿ, ಕೆಮ್ಮು ಬಂದರೆ ಮೊದಲೇ ಸನ್ನೆ ಮಾಡಿ. ಬಾಯಿಯ ಉಗುಳಿನ ಕಣಗಳಿಂದಲೂ ಸೋಂಕು ತಗಲಬಹುದು. ಮುಗಿದ ಮೇಲೆ ಬೆರಳು ಎಣಿಸಲು ಹೇಳಿ, ಕಾಣುತ್ತಿದೆಯೇ ಎಂದು ನೋಡಿ ಕಳಿಸುತ್ತಾರೆ.

ಮನೆಗೆ ಬಂದ ಮೇಲೆ

ಒಂದೆರಡು ದಿನ ಮರಳು ಬಿದ್ದಂತೆ ಕಿರಿಕಿರಿ, ಬಿಳಿ ಭಾಗದಲ್ಲಿ ರಕ್ತದ ಕೆಂಪು ಮಚ್ಚೆ, ಕಣ್ಣೆದುರು ಕಪ್ಪು ಗುಳ್ಳೆ ತೇಲಿದಂತೆ ಕಾಣುವುದು ಸಾಮಾನ್ಯ. ಕೆಂಪು ಮಚ್ಚೆ ಒಂದೆರಡು ವಾರದಲ್ಲಿ ತಾನೇ ಕರಗುತ್ತದೆ. ಕಣ್ಣು ಉಜ್ಜಬೇಡಿ. ಡಾಕ್ಟರು ಹೇಳಿದಷ್ಟು ದಿನ ಕಣ್ಣಿಗೆ ನೀರು ಸೋಕಿಸಬೇಡಿ. ಕೆರೆ, ಈಜುಕೊಳ ಬೇಡ.

ಇಂಜೆಕ್ಷನ್‌ನ ದೊಡ್ಡ ಅಪಾಯ ಕಣ್ಣಿನೊಳಗಿನ ಸೋಂಕು. ಸುಮಾರು 2,000ದಿಂದ 3,000 ಇಂಜೆಕ್ಷನ್‌ಗಳಲ್ಲಿ ಒಂದಕ್ಕೆ ಬರುವಷ್ಟು ಅಪರೂಪ. ಬಂದರೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಹೆಚ್ಚಾಗಿ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತದೆ. ಈ ಲಕ್ಷಣಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ:

• ಕಡಿಮೆಯಾಗುವ ಬದಲು ಹೆಚ್ಚುತ್ತಿರುವ ನೋವು ಮತ್ತು ಕೆಂಪು
• ಹಿಂದಿನ ದಿನಕ್ಕಿಂತ ಮಂಜಾದ ನೋಟ
• ಬೆಳಕು ನೋಡಲಾಗದಷ್ಟು ಚುಚ್ಚುವುದು
• ಮಿಂಚು ಹೊಡೆದಂತಾಗುವುದು, ಒಮ್ಮೆಲೇ ಹಲವು ಕಪ್ಪು ಚುಕ್ಕಿಗಳು, ಒಂದು ಬದಿಯಿಂದ ಪರದೆ ಇಳಿದಂತೆ ಕಾಣುವುದು

ಮೆಡಿಕಲ್ ಶಾಪಿನಿಂದ ಯಾವುದೋ ಡ್ರಾಪ್ಸ್ ತಂದು ಹಾಕಿ ಕಾದು ನೋಡಬೇಡಿ. ಆಸ್ಪತ್ರೆ ಬಿಡುವ ಮೊದಲೇ ರಾತ್ರಿ ಹೊತ್ತು, ಭಾನುವಾರ ಕರೆಯಬೇಕಾದ ನಂಬರ್ ಬರೆಸಿಕೊಳ್ಳಿ.

ಮನೆಯಲ್ಲೇ ನೋಟ ಪರೀಕ್ಷಿಸುವುದು ಸುಲಭ. ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಚೌಕಗಳನ್ನು ದಿನವೂ ಒಂದೇ ದೂರದಿಂದ ನೋಡಿ. ಆಮೇಲೆ ಇನ್ನೊಂದು ಕಣ್ಣು. ಗೆರೆ ಬಾಗಿದಂತೆ, ಒಂದು ಚೌಕ ಅಳಿಸಿಹೋದಂತೆ ಹೊಸದಾಗಿ ಕಂಡರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ. ಎರಡೂ ಕಣ್ಣು ತೆರೆದೇ ನೋಡುವವರಿಗೆ ಒಂದು ಕಣ್ಣಿನ ಹಾನಿ ಬಹಳ ದಿನ ಗೊತ್ತೇ ಆಗುವುದಿಲ್ಲ.

ದುಡ್ಡಿನ ದಾರಿ

ಔಷಧಕ್ಕೆ ತಕ್ಕಂತೆ ಒಂದು ಇಂಜೆಕ್ಷನ್‌ಗೆ ಕೆಲವು ಸಾವಿರದಿಂದ ಹತ್ತಾರು ಸಾವಿರ ರೂಪಾಯಿವರೆಗೂ ಆಗಬಹುದು. ಒಂದರ ಬೆಲೆ ಕೇಳಿ ಒಪ್ಪಬೇಡಿ. ಮೊದಲ ವರ್ಷಕ್ಕೆ ಸ್ಕ್ಯಾನ್ ಸೇರಿ ಒಟ್ಟು ಎಷ್ಟಾದೀತು ಎಂದು ಅಂದಾಜು ಕೇಳಿ, ಅದಕ್ಕೆ ಹೊಂದುವ ಔಷಧ ಯಾವುದೆಂದು ಚರ್ಚಿಸಿ. ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಕಣ್ಣಾಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ, ಟ್ರಸ್ಟ್ ಆಸ್ಪತ್ರೆಗಳಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ನಿಮ್ಮ ಕಾಯಿಲೆಗೆ ನೆರವು ಸಿಗುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಖಾಸಗಿ ವಿಮೆ ಇರುವವರು ಗಮನಿಸಬೇಕಾದ ವಿಷಯ: ಪಾಲಿಸಿಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಪಟ್ಟಿ ಮಾಡಿದ ಆಧುನಿಕ ಚಿಕಿತ್ಸೆಗಳಲ್ಲಿ ಕಣ್ಣಿನೊಳಗಿನ ಇಂಜೆಕ್ಷನ್ ಕೂಡ ಇದೆ. ಕಂಪನಿಗಳು ಇದಕ್ಕೆ ಹಣದ ಮಿತಿ ಹಾಕಬಹುದು. ‘ರಾತ್ರಿ ಅಡ್ಮಿಟ್ ಆಗಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡದೆ, ಪಾಲಿಸಿಯ ಷರತ್ತು ತೋರಿಸಿ ಲಿಖಿತ ಕಾರಣ ಕೇಳಿ.

ಮನೆಯವರ ಪಾಲಿನ ಕೆಲಸ

ಇಂಜೆಕ್ಷನ್ ಸೋರುವಿಕೆಯನ್ನು ನಿಲ್ಲಿಸಬಹುದು; ಸಕ್ಕರೆ, ಬಿಪಿ ಏರುತ್ತಲೇ ಇದ್ದರೆ ಹಾನಿಯೂ ಮುಂದುವರಿಯುತ್ತದೆ. ಮೂತ್ರಪಿಂಡ, ರಕ್ತಹೀನತೆಯ ತೊಂದರೆ ಇದ್ದರೆ ಅದಕ್ಕೂ ಜೊತೆಜೊತೆಗೇ ಚಿಕಿತ್ಸೆ ಬೇಕು. ಬೀಡಿ, ಸಿಗರೇಟು ಬಿಡಲೇಬೇಕು.

ತಾರೀಖನ್ನು ನೆನಪಿಡುವ ಭಾರವನ್ನು ಕಣ್ಣು ಕಾಣದವರ ಮೇಲೆ ಹೊರಿಸಬೇಡಿ. ಒಬ್ಬ ಮಗಳೋ ಮೊಮ್ಮಗನೋ ಅದರ ಹೊಣೆ ಹೊರಲಿ. ದೂರದ ದೇಶದಲ್ಲಿದ್ದರೂ ಫೋನಿನಲ್ಲಿ ನೆನಪಿಸಬಹುದು, ಊರಿನಲ್ಲಿ ಕರೆದೊಯ್ಯುವವರನ್ನು ಗೊತ್ತುಮಾಡಬಹುದು. ಒಂದು ತಾರೀಖು ತಪ್ಪಿಹೋದರೆ ‘ಡಾಕ್ಟರು ಬೈಯುತ್ತಾರೆ’ ಎಂದು ಪೂರ್ತಿ ಬಿಡಬೇಡಿ. ಆ ವಾರವೇ ಫೋನ್ ಮಾಡಿ ಹೊಸ ತಾರೀಖು ಪಡೆಯಿರಿ. ರೆಟಿನಾ ಪೂರ್ತಿ ಕಲೆಗಟ್ಟಿ ಇನ್ನು ಇಂಜೆಕ್ಷನ್‌ನಿಂದ ಲಾಭವಿಲ್ಲ ಎಂದು ಡಾಕ್ಟರು ಹೇಳಿದರೂ ದಾರಿ ಮುಗಿಯುವುದಿಲ್ಲ. ದೊಡ್ಡದಾಗಿ ತೋರಿಸುವ ಮಸೂರ, ಅಕ್ಷರ ದೊಡ್ಡ ಮಾಡುವ ಮತ್ತು ಓದಿ ಹೇಳುವ ಫೋನ್ ಸೌಲಭ್ಯಗಳನ್ನು ಕಲಿಸುವ ‘ಲೋ ವಿಷನ್’ ವಿಭಾಗ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿದೆ.

ಈ ವಾರ ಮಾಡಬಹುದಾದ ಕೆಲಸ ಎರಡು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು ಕಳೆದ ಒಂದು ವರ್ಷದಲ್ಲಿ ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ ಆಗಿಲ್ಲವಾದರೆ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಕರೆದುಕೊಂಡು ಹೋಗಿ. ಈ ಕಾಯಿಲೆ ಶುರುವಿನಲ್ಲಿ ನೋವನ್ನೂ ಕೊಡುವುದಿಲ್ಲ, ಸುಳಿವನ್ನೂ ಕೊಡುವುದಿಲ್ಲ. ಯಾರಾದರೂ ಇಂಜೆಕ್ಷನ್ ಅರ್ಧಕ್ಕೆ ನಿಲ್ಲಿಸಿದ್ದರೆ, ಫೈಲ್ ತೆಗೆದು ಕೊನೆಯ ತಾರೀಖು ನೋಡಿ ಇಂದೇ ಆಸ್ಪತ್ರೆಗೆ ಫೋನ್ ಮಾಡಿ. ಎಷ್ಟು ತಡವಾಗಿದ್ದರೂ, ಉಳಿದಿರುವ ದೃಷ್ಟಿಗೆ ಇವತ್ತಿನ ಫೋನು ನಾಳೆಯದಕ್ಕಿಂತ ಬೆಲೆಯುಳ್ಳದ್ದು.